ಹೆಸರೂ ಅಧಿಕಾರವೂ: ನಡೆಸತಕ್ಕ ಕಡತದ ನಿರ್ಣಯವನ್ನು ಕುರಿತ ವಿಮರ್ಶೆ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. ಕಬ್ಬಿಣದ ಕಾರ್ಖಾನೆಯ ಕುಲುಮೆ ಅಲ್ಲಿ ಉರಿಯತೊಡಗಿದುದು 1923ರಲ್ಲಿ. ಹೆಸರಾದರೋ ಅದಕ್ಕಿಂತ ಬಹು ಹಿಂದಿನದು. ವಂಕಿಪುರವೆಂಬುದೇ ಅದರ ಮೂಲರೂಪವೆಂದೂ ಬೆಂಕಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಹೇಳುವವರುಂಟು. ನೆರೆಯ ಶಿವಮೊಗ್ಗವನ್ನು ಕೆಲವರು ಶಿವಮುಖವೆಂದು ಬಿಡಿಸುವರು, ಕೆಲವರು ಸಿಹಿಮೊಗೆಯೆಂದು ಬಿಡಿಸುವರು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಆ ಹೆಸರಿನ ರೂಪ ಬದಲಾಯಿತು. ತುಂಗೆಯ ದಡದ ಊರು ಮಾತ್ರ ಇದ್ದಂತೆಯೇ ಇದ್ದಿತು. ಹೆಸರನ್ನು ನೋಡಿ ವಸ್ತುವಿನ ಗುಣವನ್ನು ನಿರ್ಣಯಿಸಹೊರಟವನು ಎಡವುವನೆಂಬುದಕ್ಕೆ ಇವೆರಡು ಊರುಗಳೇ ಸಾಕು. ಗಣಕಯಂತ್ರಗಳ ಲೋಕದಲ್ಲಿ ಇದೇ ಎಡವು ಇಂದಿಗೂ ನಡೆಯುತ್ತಿರುವುದು. ಅದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗಣಕದಲ್ಲಿರುವ ಕಡತಗಳಲ್ಲಿ ಕೆಲವು ಓದತಕ್ಕವು, ಕೆಲವು ನಡೆಸತಕ್ಕವು. ಯಾವುದು ನಡೆಸತಕ್ಕುದೆಂಬುದನ್ನು ತಿಳಿಯಲು ಎರಡು ಸಂಪ್ರದಾಯಗಳುಂಟು. ಯೂನಿಕ್ಸ್ ಮತ್ತು ಅದರ ವಂಶದ ಲಿನಕ್ಸ್ ವ್ಯವಸ್ಥೆಗಳು ಅಧಿಕಾರವನ್ನು ನೋಡುವುವು: ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಎಂದು ಪ್ರತಿಯೊಂದು ಕಡತಕ್ಕೂ ಅನುಮತಿಯ ಗುರುತುಗಳಿರುವುವು, ಹೆಸರು ಏನಿದ್ದರೂ ಸರಿಯೇ. ವಿಂಡೋಸ್ ವ್ಯವಸ್ಥೆಯಾದರೋ ಬಹುಮಟ್ಟಿಗೆ ಹೆಸರನ್ನು ನೋಡುವುದು: ಹೆಸರಿನ ಕೊನೆಯಲ್ಲಿ ಚುಕ್ಕಿಯ ಮುಂದೆ ಇಎಕ್ಸ್‌ಇ, ಕಾಮ್, ಬ್ಯಾಟ್, ಸಿಎಮ್‌ಡಿ ಮೊದಲಾದ ಪ್ರತ್ಯಯಗಳಲ್ಲೊಂದು ಇದ್ದರೆ ಅದು ನಡೆಸತಕ್ಕುದು. ಇಂತಹ ಪ್ರತ್ಯಯಗಳ ಪಟ್ಟಿ ಪಾಥ್‌ಎಕ್ಸ್‌ಟ್ ಎಂಬ ಪರಿಸರಪದದಲ್ಲಿ ದೊರೆಯುವುದು. ಬೇಕಾದವರು ಅದನ್ನು ಹಿಗ್ಗಿಸಬಹುದು.

ಇವೆರಡಲ್ಲದೆ ಮೂರನೆಯದೊಂದುಂಟು, ಅದು ಕಡತದ ಒಳರೂಪ. ಅನುಮತಿಯಿದ್ದರೂ ಒಳಗಿನ ಬರಹ ಯಂತ್ರಕ್ಕೆ ಅರ್ಥವಾಗದಿದ್ದರೆ ಕೆಲಸ ನಡೆಯದು. ಸ್ಕ್ರಿಪ್ಟುಗಳ ವಿಷಯದಲ್ಲಿ ಮೊದಲ ಸಾಲಿನ ಆದಿಯಲ್ಲಿ #! ಎಂಬ ಎರಡು ಚಿಹ್ನೆಗಳನ್ನಿಟ್ಟು, ತನ್ನನ್ನು ಓದಿ ನಡೆಸಬೇಕಾದವನ ಹೆಸರನ್ನು ಬರೆಯುವ ಪದ್ಧತಿಯನ್ನು 1980ರ ಜನವರಿಯಲ್ಲಿ ಡೆನಿಸ್ ರಿಚಿಯವರು ಯೂನಿಕ್ಸಿಗೆ ತಂದರು. ಹೀಗೆ ಅಧಿಕಾರ, ಹೆಸರು, ರೂಪ ಎಂದು ಪ್ರಶ್ನೆಗಳು ಮೂರಾದುವು. ಸ್ಕ್ರಿಪ್ಟ್ ಭಾಷೆಗಳ ಮೇಲೆ ನಮ್ಮ ಆಕ್ಷೇಪಣೆ ಇಷ್ಟೇ: ಈ ಮೂರನ್ನೂ ಒಂದೇ ಪ್ರಶ್ನೆಯೆಂಬಂತೆ ತೋರಿಸಿ, ‘ಹೌದು’ ಅಥವಾ ‘ಅಲ್ಲ’ ಎಂಬ ಒಂದೇ ಮಾತಿನಲ್ಲಿ ಅವು ಉತ್ತರಕೊಡುವುವು.

ಪೈಥಾನನ್ನೇ ಪರೀಕ್ಷಿಸೋಣ. ವಿಂಡೋಸಿನಲ್ಲಿ ಸಾಮಾನ್ಯವಾದ ಒಂದು ಟಿಪ್ಪಣಿಯ ಕಡತವನ್ನು ತೆಗೆದುಕೊಂಡು, ಇದನ್ನು ನಡೆಸಬಹುದೇ ಎಂದು ‘ಆಕ್ಸೆಸ್’ ಎಂಬ ಫಂಕ್ಷನ್ನನ್ನು ಕೇಳಿದರೆ ‘ಹೌದು’ ಎನ್ನುವುದು. ಏಕೆಂದರೆ ಅಲ್ಲಿ ನಡೆಸುವ ಅನುಮತಿಯ ಪ್ರಶ್ನೆಯನ್ನು ಅದು ಗಣನೆಗೇ ತಂದುಕೊಳ್ಳುವುದಿಲ್ಲ. ‘ಸ್ಟಾಟ್’ ಎಂಬುದನ್ನು ಕೇಳಿದರೆ ‘ಅಲ್ಲ’ ಎನ್ನುವುದು. ಅದು ಮೇಲೆ ಹೇಳಿದ ನಾಲ್ಕು ಪ್ರತ್ಯಯಗಳನ್ನು ಮಾತ್ರ ನೋಡಿ, ಯೂನಿಕ್ಸಿನ ಅನುಮತಿಯ ಗುರುತುಗಳನ್ನು ತಾನೇ ಕಲ್ಪಿಸಿಕೊಡುವುದು. 2012ರಲ್ಲಿ 3.3ನೆಯ ಆವೃತ್ತಿಯೊಡನೆ ಬಂದ ‘ವಿಚ್’ ಪಾಥ್‌ಎಕ್ಸ್‌ಟಿನ ಪಟ್ಟಿಯನ್ನು ನೋಡುವುದು. ಇನ್ನು ವಿಬಿಎಸ್ ಎಂಬ ಪ್ರತ್ಯಯವುಳ್ಳ ಕಡತವನ್ನು ಕುರಿತು ಕೇಳಿದರೆ ಮೊದಲನೆಯದು ‘ಹೌದು’, ಎರಡನೆಯದು ‘ಅಲ್ಲ’, ಮೂರನೆಯದು ‘ಹೌದು’. ಆದರೆ ಆ ಕಡತವನ್ನು ನೇರವಾಗಿ ಹೊಸ ಪ್ರಕ್ರಿಯೆಯಾಗಿ ನಡೆಸಹೋದರೆ ವ್ಯವಸ್ಥೆಯೇ ತಿರಸ್ಕರಿಸುವುದು. ಒಂದೇ ಭಾಷೆ, ಒಂದೇ ಕಡತ, ಒಂದೇ ಯಂತ್ರ. ತೀರ್ಪುಗಳು ಮಾತ್ರ ಪರಸ್ಪರ ವಿರುದ್ಧ.

ಉಳಿದ ಭಾಷೆಗಳ ಸ್ಥಿತಿ ಇದಕ್ಕಿಂತ ಬಹಳ ಮೇಲೆಂದು ಹೇಳುವಂತಿಲ್ಲ. ಆದರೆ ಪರ್ಲ್ ಭಾಷೆಯಲ್ಲಿ ಒಂದು ಪ್ರಾಮಾಣಿಕತೆಯುಂಟು. ಅನುಮತಿಯನ್ನು ಕೇಳುತ್ತಿರುವವನು ಈಗಿನ ವೇಷದವನೋ ನಿಜವಾದ ಒಡೆಯನೋ ಎಂಬ ಭೇದಕ್ಕೆ ಅದು ಸಣ್ಣಕ್ಷರ, ದೊಡ್ಡಕ್ಷರಗಳ ಎರಡು ಬೇರೆ ಪರೀಕ್ಷೆಗಳನ್ನಿಟ್ಟಿರುವುದು. ವಿಂಡೋಸಿನಲ್ಲಿ ಅವೆರಡೂ ಹೆಸರಿನ ಪ್ರತ್ಯಯವನ್ನೇ ನೋಡುವುವೆಂದು ತನ್ನ ಕೈಪಿಡಿಯಲ್ಲಿ ಒಪ್ಪಿಕೊಂಡಿರುವುದು. ನೋಡ್ ಕೂಡ ನಡೆಸುವ ಅನುಮತಿಯ ಪರೀಕ್ಷೆ ವಿಂಡೋಸಿನಲ್ಲಿ ನಿಷ್ಫಲವೆಂದೂ, ಕಡತವಿದೆಯೇ ಎಂಬಷ್ಟನ್ನೇ ಅದು ಹೇಳುವುದೆಂದೂ ಬರೆದಿರುವುದು. ದೋಷವನ್ನು ಒಪ್ಪಿಕೊಂಡವರು ದೋಷವನ್ನು ಅರ್ಧ ತಿದ್ದಿಕೊಂಡಂತೆಯೇ ಸರಿ.

ಇದು ಪಂಡಿತರ ಚರ್ಚೆ ಮಾತ್ರವೆಂದು ವಾಚಕರು ಭಾವಿಸಲಾಗದು. ಶಿವಮೊಗ್ಗದ ವಿದ್ಯಾರ್ಥಿಯೊಬ್ಬನು ವಿಂಡೋಸ್ ಯಂತ್ರದಲ್ಲಿ ಪೈಥಾನ್ ಸ್ಕ್ರಿಪ್ಟೊಂದನ್ನು ಬರೆದು, ಪೆನ್‌ಡ್ರೈವಿನಲ್ಲಿಟ್ಟುಕೊಂಡು, ಬಸ್ಸು ಹತ್ತಿ ಭದ್ರಾವತಿಯ ತನ್ನ ಮನೆಯ ಲಿನಕ್ಸ್ ಯಂತ್ರಕ್ಕೆ ಹಾಕಿದನೆಂದು ಇಟ್ಟುಕೊಳ್ಳೋಣ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ವಿನ್ಯಾಸದಲ್ಲಿ ಅನುಮತಿಯ ಗುರುತುಗಳಿಗೆ ಸ್ಥಳವೇ ಇಲ್ಲ. ಆದುದರಿಂದ ಅನೇಕ ಲಿನಕ್ಸ್ ವ್ಯವಸ್ಥೆಗಳು ಅದನ್ನು ತೆರೆಯುವಾಗ, ಇಎಕ್ಸ್‌ಇ, ಕಾಮ್, ಬ್ಯಾಟ್ ಎಂಬ ಹೆಸರುಳ್ಳವಕ್ಕೆ ಮಾತ್ರ ನಡೆಸುವ ಅನುಮತಿಯನ್ನು ತೋರಿಸುವುವು. ವಿಚಿತ್ರವನ್ನು ನೋಡಿರಿ: ಲಿನಕ್ಸಿನಲ್ಲಿ ನಡೆಯಲಾರದ ವಿಂಡೋಸ್ ಕಡತಕ್ಕೆ ಅಧಿಕಾರ ಬಂದಿತು, ಲಿನಕ್ಸಿಗೆಂದೇ #! ಬರೆದ ಸ್ಕ್ರಿಪ್ಟಿಗೆ ಇಲ್ಲವಾಯಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯೇ ಇಲ್ಲಿ ನಿಜವಾಯಿತು.

ಹುಡುಗನು ಅದನ್ನು ತನ್ನ ಡಿಸ್ಕಿಗೆ ನಕಲುಮಾಡಿ ಅನುಮತಿಯನ್ನು ಹಚ್ಚಿದನೆನ್ನಿ. ಈಗ ‘ಆಕ್ಸೆಸ್’ ‘ಹೌದು’ ಎನ್ನುವುದು. ಆದರೂ ನಡೆಸಿದರೆ ‘ಅಂತಹ ಕಡತವಿಲ್ಲ’ ಎಂಬ ಉತ್ತರ ಬರಬಹುದು. ಕಡತ ಕಣ್ಣೆದುರಿಗೇ ಇರುವುದು! ಕಾರಣವಿಷ್ಟು: ವಿಂಡೋಸ್ ಸಂಪಾದಕಗಳು ಅನೇಕವೇಳೆ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಚಿಹ್ನೆಗಳನ್ನಿಡುವುವು, ಲಿನಕ್ಸಿನ ರೂಢಿ ಒಂದೇ. ಮೊದಲ ಸಾಲಿನಲ್ಲಿ ಉಳಿದ ಹೆಚ್ಚಿನ ಚಿಹ್ನೆ ನಡೆಸುವವನ ಹೆಸರಿಗೇ ಅಂಟಿಕೊಂಡು, ಇಲ್ಲದ ಹೆಸರಾಗಿಬಿಡುವುದು. ಅಧಿಕಾರದ ಪ್ರಶ್ನೆಗೆ ದೊರೆತ ಉತ್ತರ ಸರಿಯಾಗಿಯೇ ಇದ್ದಿತು, ಕೆಟ್ಟಿದ್ದುದು ರೂಪ. ಹೊಸದಾಗಿ ಕಲಿಯುವವನು ಈ ಭೇದವನ್ನು ಅರಿಯದೆ ತಾನೇ ದಡ್ಡನೆಂದುಕೊಳ್ಳುವನು. ಇದು ನಿಜವಾದ ನಷ್ಟ.

ಇದಕ್ಕಿಂತಲೂ ದೊಡ್ಡ ಅಪಾಯವೊಂದು 2024ರ ಏಪ್ರಿಲಿನಲ್ಲಿ ಹೊರಬಿದ್ದಿತು. ವಿಂಡೋಸಿನಲ್ಲಿ ಬ್ಯಾಟ್ ಕಡತವನ್ನು ಸಾಮಾನ್ಯ ಕಾರ್ಯಕ್ರಮದಂತೆ ಕರೆದರೂ ವಾಸ್ತವವಾಗಿ ನಡೆಯುವುದು ಸಿಎಮ್‌ಡಿ ಎಂಬ ಆಜ್ಞಾವಾಚಕ. ಅದರ ಉದ್ಧರಣಚಿಹ್ನೆಗಳ ನಿಯಮಗಳೇ ಬೇರೆ. ಈ ಭೇದವನ್ನು ರಸ್ಟ್, ನೋಡ್, ಪಿಎಚ್‌ಪಿ ಮೊದಲಾದವು ಸರಿಯಾಗಿ ನಿರ್ವಹಿಸದೆ ಇದ್ದುದರಿಂದ, ಹೊರಗಿನವರು ಕೊಟ್ಟ ವಾದಪದಗಳ ಮೂಲಕ ಬೇರೆ ಆಜ್ಞೆಗಳನ್ನು ನುಗ್ಗಿಸಲು ಅವಕಾಶವಿದ್ದಿತು. ತಿದ್ದುಪಡಿಗಳು ಬಂದುವು, ಶೆಲ್ ಬೇಕೆಂದು ಸ್ಪಷ್ಟವಾಗಿ ಕೇಳದ ಹೊರತು ಬ್ಯಾಟ್ ಕಡತವನ್ನು ನಡೆಸುವುದನ್ನೇ ನೋಡ್ ನಿಲ್ಲಿಸಿತು. ‘ನಡೆಸಬಹುದು’ ಎಂಬ ಒಂದು ಮಾತಿನ ಹಿಂದೆ ಯಾರು ನಡೆಸುವರೆಂಬುದನ್ನು ಮರೆಮಾಡಿದುದರ ಫಲವಿದು.

ಪ್ರತಿಪಕ್ಷದವರು ಹೇಳಬಹುದು: ಎಲ್ಲ ಯಂತ್ರಗಳಲ್ಲಿಯೂ ಒಂದೇ ಸ್ಕ್ರಿಪ್ಟ್ ನಡೆಯಲೆಂಬುದೇ ಈ ಭಾಷೆಗಳ ಪ್ರಯೋಜನ, ಭೇದಗಳನ್ನು ಮುಚ್ಚದೆ ಅದು ಹೇಗೆ ಸಾಧ್ಯ? ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ‘ವಿಚ್’ ಎಂಬುದು ತನ್ನ ಕೆಲಸವನ್ನು ಬಹುಮಟ್ಟಿಗೆ ಚೆನ್ನಾಗಿಯೇ ಮಾಡುವುದು. ಯೂನಿಕ್ಸಿನಲ್ಲಿ ಡೈರೆಕ್ಟರಿಗೂ ಅದೇ ಗುರುತು ‘ಒಳಹೊಕ್ಕು ಹುಡುಕಬಹುದು’ ಎಂಬ ಬೇರೆ ಅರ್ಥದಲ್ಲಿರುವುದರಿಂದ, ಅವುಗಳನ್ನು ಬೇರ್ಪಡಿಸುವ ಎಚ್ಚರ ಅದಕ್ಕುಂಟು. ಆದರೆ ಭೇದವನ್ನು ನಿರ್ವಹಿಸುವುದು ಬೇರೆ, ಭೇದವೇ ಇಲ್ಲವೆಂದು ನಟಿಸುವುದು ಬೇರೆ. ವಿಂಡೋಸಿನ ಕಡತಕ್ಕೆ ಯೂನಿಕ್ಸಿನ ಗುರುತುಗಳನ್ನು ಕಲ್ಪಿಸಿಕೊಡುವ ‘ಸ್ಟಾಟ್’ ಮಾಡುತ್ತಿರುವುದು ಎರಡನೆಯದನ್ನು.

ಆದುದರಿಂದ ಭಾಷಾಕಾರರಲ್ಲಿ ನಮ್ಮ ವಿಜ್ಞಾಪನೆ: ಮೂರು ಪ್ರಶ್ನೆಗಳಿಗೆ ಮೂರು ಹೆಸರುಗಳಿರಲಿ, ಉತ್ತರವಿಲ್ಲದಲ್ಲಿ ‘ಉತ್ತರವಿಲ್ಲ’ ಎಂದೇ ಹೇಳಲಿ. ಬಳಸುವವರಿಗೆ ಎರಡು ಮಾತು. ಮುಂಚಿತವಾಗಿ ಕೇಳಿ ಪಡೆದ ಅನುಮತಿ, ನಡೆಸುವ ಕ್ಷಣದಲ್ಲಿ ಬದಲಾಗಿರಬಹುದು. ಆದಕಾರಣ ನಡೆಸಿ ನೋಡಿ, ಬಂದ ದೋಷವನ್ನು ಓದುವುದೇ ಮೇಲು. ಸ್ಕ್ರಿಪ್ಟನ್ನು ಅದರ ಹೆಸರಿನಿಂದ ಕರೆಯುವ ಬದಲು ಪೈಥಾನನ್ನೇ ಕರೆದು ಸ್ಕ್ರಿಪ್ಟನ್ನು ಅದರ ಕೈಗೆ ಕೊಟ್ಟರೆ, ಕಡತಕ್ಕೆ ಓದುವ ಅನುಮತಿ ಮಾತ್ರ ಸಾಕು. ಪ್ರತ್ಯಯವೂ ಬೇಡ, ಗುರುತೂ ಬೇಡ, ಮೊದಲ ಸಾಲಿನ ಅದೃಶ್ಯ ಚಿಹ್ನೆಯ ಕಾಟವೂ ಇಲ್ಲ. ಶಿವಮೊಗ್ಗದಲ್ಲಿ ಬರೆದುದು ಭದ್ರಾವತಿಯಲ್ಲಿ ಆಗ ತಪ್ಪದೆ ಓಡುವುದು.