ಶ್ರುತಿ ನಿಲ್ಲದ ಪರದೆ

ಕೆಲವು ಕಾಲದಿಂದ ನಮ್ಮ ಛಾಯಾಗ್ರಾಹಕರ ಗೋಷ್ಠಿಗಳಲ್ಲಿ ಒಂದು ತೀರ್ಪು ವಿಚಾರಣೆಯಿಲ್ಲದೆಯೇ ಸ್ಥಿರಪಟ್ಟಂತೆ ತೋರುತ್ತದೆ: ಚಿತ್ರಗಳನ್ನು ತಿದ್ದುವ ಕೆಲಸಕ್ಕೆ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ಮೇಜಿನ ಮೇಲೆ ಊರಿ ಕುಳಿತಿರುವ ಡೆಸ್ಕ್‌ಟಾಪಿನ ಕಾಲ ಮುಗಿಯಿತು ಎಂಬುದೇ ಆ ತೀರ್ಪು. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆ ತನ್ನ ಎಂ1 ಚಿಪ್ಪನ್ನು ಹೊರತಂದು, ಫ್ಯಾನು ಸಹ ಇಲ್ಲದ ತೆಳುವಾದ ಯಂತ್ರವೊಂದು ದೊಡ್ಡ ದೊಡ್ಡ ರಾ ಫೈಲುಗಳನ್ನು ಆಯಾಸವಿಲ್ಲದೆ ತೆರೆಯಬಲ್ಲುದೆಂಬುದನ್ನು ತೋರಿಸಿಕೊಟ್ಟ ಮೇಲಂತೂ ಈ ಅಭಿಪ್ರಾಯಕ್ಕೆ ಶಾಸ್ತ್ರವಾಕ್ಯದ ಗೌರವವೇ ಪ್ರಾಪ್ತವಾಯಿತು. ಆ ಗೌರವ ಅದರ ಅರ್ಹತೆಯನ್ನು ಮೀರಿದ್ದೆಂದೂ, ಡೆಸ್ಕ್‌ಟಾಪಿಗೆ ಒದಗಿರುವ ಉಪೇಕ್ಷೆ ಅನ್ಯಾಯದ್ದೆಂದೂ, ಈ ಅನ್ಯಾಯದ ಫಲವನ್ನು ಯಂತ್ರಗಳಲ್ಲ, ಚಿತ್ರಗಳು ಉಣ್ಣುತ್ತಿವೆಯೆಂದೂ ನಾನು ನಂಬಿದ್ದೇನೆ.

ಪ್ರೊಸೆಸರು, ರ‍್ಯಾಮು, ಎಸ್‌ಎಸ್‌ಡಿಗಳ ತಾರತಮ್ಯವನ್ನು ಈ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ವಿವರಿಸಬೇಕಾಗಿಲ್ಲ. ಲ್ಯಾಪ್‌ಟಾಪಿನ ಇಕ್ಕಟ್ಟಾದ ಒಡಲಿನಲ್ಲಿ ಶಾಖ ಹೊರಹೋಗಲು ಎಡೆ ಕಡಮೆಯೆಂಬುದೂ, ಆ ಕಾರಣದಿಂದ ದೀರ್ಘ ಕೆಲಸದಲ್ಲಿ ಅನೇಕ ಯಂತ್ರಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವುವೆಂಬುದೂ, ಅದೇ ಬೆಲೆಗೆ ಡೆಸ್ಕ್‌ಟಾಪಿನಲ್ಲಿ ಹೆಚ್ಚಿನ ಸಾಮರ್ಥ್ಯ ದೊರೆಯುವುದೆಂಬುದೂ ಎಲ್ಲರೂ ಬಲ್ಲ ಸಂಗತಿ. ಇವೆಲ್ಲ ನಿಜವಾದರೂ ನನ್ನ ವಾದ ಇವುಗಳನ್ನು ಅವಲಂಬಿಸಿಲ್ಲ. ನಾಳೆ ಲ್ಯಾಪ್‌ಟಾಪೇ ಎರಡು ಪಟ್ಟು ವೇಗದ್ದಾದರೂ ನನ್ನ ನಿರ್ಣಯ ಬದಲಾಗದು. ಏಕೆಂದರೆ ಚಿತ್ರಸಂಸ್ಕರಣವೆಂಬುದು ಮೂಲತಃ ಗಣನೆಯ ಕಾರ್ಯವಲ್ಲ, ನೋಟದ ಕಾರ್ಯ. ಯಾವ ನೆರಳು ಎಷ್ಟು ಗಾಢವಾಗಿರಬೇಕು, ಯಾವ ಬೆಳಕು ಎಲ್ಲಿ ನಿಲ್ಲಬೇಕು ಎಂಬುದನ್ನು ಕಣ್ಣು ನಿರ್ಧರಿಸುತ್ತದೆ. ಆ ಕಣ್ಣಿಗೆ ಎದುರಿರುವ ಪರದೆ ಗಾಯಕನ ಹಿಂದಿನ ತಂಬೂರಿಯ ಸ್ಥಾನದಲ್ಲಿದೆ. ತಂಬೂರಿಯ ಶ್ರುತಿ ಹಾಡಿನ ನಡುವೆ ಜಾರುತ್ತಿದ್ದರೆ ಎಂತಹ ವಿದ್ವಾಂಸನ ಸ್ವರವೂ ನೆಲೆಯಲ್ಲಿ ನಿಲ್ಲಲಾರದು.

ಹಳೆಯ ಕತ್ತಲೆಕೋಣೆಯ ಸಾಧಕರಿಗೆ ಈ ತತ್ತ್ವವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಅವರ ಎನ್‌ಲಾರ್ಜರು ಒಂದೇ ಕಡೆ ನಿಂತಿರುತ್ತಿತ್ತು. ದೀಪ ಒಂದೇ, ದೂರ ಒಂದೇ, ಮುದ್ರಿತವಾದ ಕಾಗದವನ್ನು ಎತ್ತಿ ನೋಡುವ ಬೆಳಕೂ ಒಂದೇ. ಒದ್ದೆಯಾಗಿದ್ದಾಗ ಉಜ್ಜ್ವಲವಾಗಿ ಕಾಣುವ ಪ್ರಿಂಟು ಒಣಗಿದ ಮೇಲೆ ತುಸು ಕಂದುವುದೆಂಬ ಸೂಕ್ಷ್ಮವನ್ನು ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್‌ನಂಥವರು ಲೆಕ್ಕವಿಟ್ಟು ತಿಳಿದಿದ್ದರು. 1941ರಲ್ಲಿ ತಾನು ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಕಂಡ ಚಂದ್ರೋದಯದ ಒಂದೇ ನೆಗೆಟಿವಿನಿಂದ ಆತ ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟು ತೆಗೆಯುತ್ತ, ಆಕಾಶವನ್ನು ವರ್ಷ ಕಳೆದಂತೆ ಹೆಚ್ಚು ಗಾಢಗೊಳಿಸುತ್ತ ಹೋದನು. ಆ ಬದಲಾವಣೆ ಅವನ ಮನಸ್ಸಿನದ್ದೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಏಕೆಂದರೆ ಕತ್ತಲೆಕೋಣೆಯ ಬೆಳಕು ದಿನದಿನಕ್ಕೆ ಬದಲಾಗುವಂಥದ್ದಲ್ಲ. ಇಂದಿನ ಲ್ಯಾಪ್‌ಟಾಪಿನಲ್ಲಿ ಒಂದೇ ಚಿತ್ರವನ್ನು ಎರಡು ದಿನ ತಿದ್ದಿದವನು ಎರಡು ದಿನಗಳ ನಡುವಣ ವ್ಯತ್ಯಾಸ ತನ್ನ ಮನಸ್ಸಿನದೋ ಪರದೆಯದೋ ಎಂಬುದನ್ನು ಹೇಳಲಾರನು. ನನ್ನ ಆಕ್ಷೇಪವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಒಂದು ಚಿತ್ರವನ್ನೇ ಎತ್ತಿಕೊಂಡು ಇದನ್ನು ಪರಿಶೀಲಿಸೋಣ. ಕೆಲವು ವರ್ಷಗಳ ಹಿಂದೆ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ, ನರಸಿಂಹ ಕಂಬವೆಂದು ಖ್ಯಾತವಾದ ಆ ಕಂಬದ ಚಿತ್ರವನ್ನು ತೆಗೆದೆ. 1117ರಲ್ಲಿ ಪ್ರತಿಷ್ಠಿತವಾದ ಈ ಗುಡಿಯ ಬಳಪದ ಕಲ್ಲು ಶತಮಾನಗಳ ಸ್ಪರ್ಶದಿಂದ ಎಣ್ಣೆ ಸವರಿದಂತೆ ಮಿನುಗುತ್ತದೆ. ಬಾಗಿಲಿನಿಂದಲೂ ಜಾಲಂಧ್ರಗಳಿಂದಲೂ ಸೋಸಿ ಬರುವ ಬೆಳಕು ಕಂಬದ ಒಂದು ಪಾರ್ಶ್ವವನ್ನು ಮಾತ್ರ ಮುಟ್ಟಿ, ಉಳಿದ ಭಾಗದಲ್ಲಿರುವ ಬೆರಳಗಲದ ವಿಗ್ರಹಗಳನ್ನು ಕತ್ತಲೆಗೂ ಕಾಣ್ಕೆಗೂ ನಡುವೆ ನಿಲ್ಲಿಸುತ್ತದೆ. ಆ ಚಿತ್ರದ ಜೀವವಿದ್ದದ್ದು ಆ ನಡುವಣ ಪ್ರದೇಶದಲ್ಲಿ. ಸೊನ್ನೆಯಿಂದ 255ರವರೆಗಿನ ಛಾಯಾಶ್ರೇಣಿಯಲ್ಲಿ ಅದು ಸುಮಾರು 15ರಿಂದ 35ರ ಒಳಗೆ ಬರುವ ಕಿರಿದಾದ ಓಣಿ.

ಅಂದು ರಾತ್ರಿ ಹಾಸನದ ವಸತಿಗೃಹದ ಮಂದ ದೀಪದಲ್ಲಿ ಲ್ಯಾಪ್‌ಟಾಪು ತೆರೆದು, ಪರದೆಯ ಕಾಂತಿ ಪೂರ್ಣವಾಗಿದ್ದಂತೆಯೇ, ಆ ನೆರಳುಗಳನ್ನು ನನಗೆ ತೃಪ್ತಿಯಾಗುವಷ್ಟು ತಿದ್ದಿದೆ. ಪ್ರಿಂಟು ಬಂದಾಗ ಕಂಬದ ಅರ್ಧಭಾಗ ಇದ್ದಲಿನ ಮುದ್ದೆಯಾಗಿತ್ತು. ಮುದ್ರಿಸಿದವರ ಮೇಲೆ ಸಿಟ್ಟಾದೆನೆಂಬುದನ್ನು ಒಪ್ಪಿಕೊಳ್ಳಬೇಕು. ಕೆಲವು ದಿನಗಳ ತರುವಾಯ ಹಗಲಿನ ರೈಲಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಅದೇ ಯಂತ್ರದಲ್ಲಿ ನೆರಳುಗಳನ್ನು ಮತ್ತೆ ಎತ್ತಿದೆ. ಎರಡನೆಯ ಪ್ರಿಂಟಿನಲ್ಲಿ ಕಂಬ ಬೂದಿ ಬಳಿದಂತೆ ಪೇಲವವಾಗಿ ಬಂದಿತು. ಕಲ್ಲಿನ ಮಿನುಗು ಸತ್ತುಹೋಗಿತ್ತು. ಯಂತ್ರ ಒಂದೇ, ಕಣ್ಣು ಒಂದೇ, ಕಂಬ ಒಂದೇ. ತಪ್ಪುಗಳು ಮಾತ್ರ ಪರಸ್ಪರ ವಿರುದ್ಧ ದಿಕ್ಕಿನವು.

ಇದರ ಕಾರಣವನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಮೊದಲನೆಯ ಸಲ ಮಂದವಾದ ಕೋಣೆಗೆ ಹೊಂದಿಕೊಂಡಿದ್ದ ಕಣ್ಣಿಗೆ ಪೂರ್ಣಕಾಂತಿಯ ಪರದೆ ನೆರಳನ್ನೂ ಬೆಳಗಿಸಿ ತೋರಿತು; ಆ ಬೆಳಗು ಚಿತ್ರದ್ದಲ್ಲ, ಪರದೆಯ ಹಿಂದಿನ ದೀಪದ್ದು. ಎರಡನೆಯ ಸಲ ಆದದ್ದು ಇನ್ನೂ ಸೂಕ್ಷ್ಮವಾದುದು. ಪರದೆಯ ಅಚ್ಚ ಬಿಳುಪು 250 ನಿಟ್ ಇದೆಯೆನ್ನಿ, ರೂಢಿಯ 2.2ರ ಗಾಮಾ ನಿಯಮದಂತೆ 20ನೆಯ ಮಟ್ಟದ ನೆರಳು ಹೊರಸೂಸುವ ಬೆಳಕು 1 ನಿಟ್‌ಗಿಂತ ತುಸು ಕಡಮೆ. ಕಿಟಕಿಯ ಬಳಿ 1000 ಲಕ್ಸ್ ಬೆಳಕು ಬೀಳುತ್ತಿದ್ದರೆ ನಾನು ತೊಟ್ಟ ಬಿಳಿಯ ಅಂಗಿಯೇ ಸುಮಾರು 250 ನಿಟ್ ಕಾಂತಿಯಿಂದ ಹೊಳೆಯುತ್ತದೆ. ಲೇಪವಿಲ್ಲದ ಗಾಜು ಅದರಲ್ಲಿ ಶೇಕಡಾ 4ರಷ್ಟನ್ನು, ಎಂದರೆ 10 ನಿಟ್ ಬೆಳಕನ್ನು, ನನ್ನ ಕಣ್ಣಿಗೇ ಹಿಂದಿರುಗಿಸುತ್ತದೆ. ಹೊಯ್ಸಳ ಶಿಲ್ಪಿ ಕಡೆದ ನೆರಳಿಗಿಂತ ನನ್ನ ಅಂಗಿಯ ಪ್ರತಿಬಿಂಬ ಹತ್ತು ಪಟ್ಟು ಪ್ರಬಲವಾಗಿ ಅದೇ ಸ್ಥಳದಲ್ಲಿ ಕುಳಿತಿತ್ತು! ಪ್ರತಿಫಲನವನ್ನು ಶೇಕಡಾ 1ಕ್ಕೆ ಇಳಿಸುವ ಉತ್ತಮ ಲೇಪವಿದ್ದರೂ ಪ್ರತಿಬಿಂಬವೇ ಎರಡೂವರೆ ಪಟ್ಟು ಮೇಲು. ಕಾಣದ ನೆರಳನ್ನು ಎತ್ತಿದಾಗ ನಾನು ನೀಗಿಸಿದ್ದು ಚಿತ್ರದ ಕೊರತೆಯನ್ನಲ್ಲ. ಕಿಟಕಿಯ ಬೆಳಕಿನೊಡನೆ ಸ್ಪರ್ಧೆಗಿಳಿದು ಚಿತ್ರವನ್ನು ಬಲಿಗೊಟ್ಟೆ.

ಈಗ ಇದೇ ಗಣಿತವನ್ನು ನೆಲೆಯಾದ ಮೇಜಿಗೆ ಅನ್ವಯಿಸೋಣ. ಕಿಟಕಿಗೆ ಎದುರಾಗದಂತೆ ಇಟ್ಟ ಮಾನಿಟರು, ಸುತ್ತ 50 ಲಕ್ಸಿನಷ್ಟು ಮಂದವಾದ ಬೆಳಕು, ಪ್ರಿಂಟಿಗೆ ಹೊಂದುವಂತೆ 100 ನಿಟ್‌ಗೆ ಇಳಿಸಿದ ಬಿಳುಪು, ಮೈಮೇಲೆ ಬೂದುಬಣ್ಣದ ಅಂಗಿ: ಆಗ 20ನೆಯ ಮಟ್ಟದ ನೆರಳಿನ ಬೆಳಕು 0.37 ನಿಟ್, ಅದೇ ಲೇಪವಿಲ್ಲದ ಗಾಜಿನಲ್ಲಿಯೂ ಅಂಗಿಯ ಪ್ರತಿಬಿಂಬ 0.13 ನಿಟ್ ಮಾತ್ರ. ಪರದೆಯ ಕಾಂತಿ ಅರ್ಧಕ್ಕಿಂತ ಕಡಮೆಯಾಗಿದ್ದರೂ ನೆರಳು ಗೆಲ್ಲುತ್ತದೆ. ಆ ಗೆಲುವನ್ನು ಕೊಟ್ಟದ್ದು ಬೆಲೆಯಲ್ಲ, ವೇಗವಲ್ಲ, ನೆಲೆ.

ಲ್ಯಾಪ್‌ಟಾಪಿನ ರಚನೆಯಲ್ಲಿಯೇ ಈ ನೆಲೆಯನ್ನು ಕೆಡಿಸುವ ಗುಣವೊಂದುಂಟು. ಅದನ್ನು ಗಮನಿಸಿದವರು ವಿರಳ. ಅದರ ಪರದೆ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವುದರಿಂದ ನಾವು ಅದನ್ನು ಹಿಂದಕ್ಕೆ ವಾಲಿಸುತ್ತೇವೆ. ವಾಲಿದ ಪರದೆ ಚಾವಣಿಯತ್ತ ಮುಖಮಾಡಿ ಟ್ಯೂಬ್‌ಲೈಟನ್ನು ತನ್ನೊಳಗೆ ಬರಮಾಡಿಕೊಳ್ಳುತ್ತದೆ. ತೆರೆದಾಗಲೆಲ್ಲ ಈ ಕೋನ ಬೇರೆ. ಅಗ್ಗದ ಟಿಎನ್ ಪರದೆಗಳಲ್ಲಿ ಕೋನ ತುಸು ಜರುಗಿದರೆ ನೆರಳಿನ ಬಣ್ಣವೇ ಬದಲಾಗುತ್ತದೆ. 1996ರಲ್ಲಿ ಹಿಟಾಚಿ ಸಂಸ್ಥೆ ಹೊರತಂದ ಐಪಿಎಸ್ ವಿಧಾನ ಈ ದೋಷವನ್ನು ಬಹುಮಟ್ಟಿಗೆ ನೀಗಿಸಿತಾದರೂ ಪ್ರತಿಬಿಂಬವನ್ನು ನೀಗಿಸಲಿಲ್ಲ. ಇದರ ಮೇಲೆ, ಸುತ್ತಣ ಬೆಳಕನ್ನು ನೋಡಿ ತಾನಾಗಿಯೇ ಕಾಂತಿಯನ್ನು ಏರಿಳಿಸುವ, ಸಂಜೆಯಾದೊಡನೆ ಬಿಳುಪನ್ನು ಹಳದಿಗೆ ತಿರುಗಿಸುವ ಏರ್ಪಾಡುಗಳು ಬೇರೆ. ಓದುವವನ ಕಣ್ಣಿಗೆ ಹಿತವಾದ ಈ ಉಪಚಾರ ವರ್ಣವಿವೇಚನೆಗೆ ವಿಷಪ್ರಾಯ. ಅವನ್ನು ನಿಲ್ಲಿಸಬಹುದು, ನಿಜ. ಕಲರಿಮೀಟರು ಇಟ್ಟು ಪರದೆಯನ್ನು ಅಳೆದು ಸರಿಪಡಿಸಬಹುದು, ಅದೂ ನಿಜ. ಆದರೆ ಕಲರಿಮೀಟರು ಅಳೆಯುವುದು ಪರದೆಯನ್ನು. ಅದರ ಎದುರಿಗಿರುವ ಕಿಟಕಿಯನ್ನು ಸರಿಪಡಿಸುವ ಸಲಕರಣೆ ಅದಲ್ಲ. ಒಂದೇ ಪ್ರಮಾಣದಲ್ಲಿ ತಪ್ಪುವ ತಕ್ಕಡಿಯಿಂದ ವ್ಯಾಪಾರ ಮಾಡಬಹುದು, ಅದರ ತಪ್ಪನ್ನು ಅರಿತು ಕಳೆಯಬಹುದು. ದಿನಕ್ಕೊಂದು ಬಗೆಯಾಗಿ ತಪ್ಪುವ ತಕ್ಕಡಿಯನ್ನು ಅರಿಯುವ ಬಗೆಯೇ ಇಲ್ಲ.

ಲ್ಯಾಪ್‌ಟಾಪಿನ ಪಕ್ಷದಲ್ಲಿ ಹೇಳಬೇಕಾದುದನ್ನು ಹೇಳದಿರುವುದು ವಿಮರ್ಶಾಧರ್ಮವಲ್ಲ. ಕ್ರೀಡಾಂಗಣದಿಂದಲೇ ಚಿತ್ರ ಕಳಿಸಬೇಕಾದ ಪತ್ರಿಕಾ ಛಾಯಾಗ್ರಾಹಕನಿಗೂ, ಕಬಿನಿಯ ದಡದಲ್ಲಿ ದಿನದ ಚಿತ್ರಗಳನ್ನು ಎರಡು ಕಡೆ ನಕಲಿಸಿಟ್ಟುಕೊಳ್ಳಬೇಕಾದ ವನ್ಯಜೀವಿ ಛಾಯಾಗ್ರಾಹಕನಿಗೂ, ಮುಹೂರ್ತದ ಚಿತ್ರಗಳನ್ನು ಆರತಕ್ಷತೆಯ ಹೊತ್ತಿಗೆ ತೋರಿಸಬೇಕಾದ ಮದುವೆಯ ಛಾಯಾಗ್ರಾಹಕನಿಗೂ ಅದು ಅನಿವಾರ್ಯ. ವಿದ್ಯುತ್ತು ಹೋದಾಗ ಅದರ ಬ್ಯಾಟರಿ ದೊಡ್ಡ ಉಪಕಾರ. ಆದರೆ ಈ ಕೆಲಸಗಳು ಆಯ್ಕೆ, ಸಂಗ್ರಹ, ರವಾನೆ. ಇವು ಸಂಸ್ಕರಣದ ಪೂರ್ವಾಂಗಗಳೇ ಹೊರತು ಸಂಸ್ಕರಣವಲ್ಲ.

ಇಲ್ಲಿ ನನ್ನ ವಿಮರ್ಶಕ ಬಂಧುಗಳೊಡನೆ ಸ್ವಲ್ಪ ಜಗಳವಾಡದೆ ವಿಧಿಯಿಲ್ಲ. ಒಂದು ಪಂಥದವರು ಐನೂರು ಚಿತ್ರಗಳು ಎಷ್ಟು ನಿಮಿಷದಲ್ಲಿ ಹೊರಬಿದ್ದುವೆಂದು ಗಡಿಯಾರ ಹಿಡಿದು ಯಂತ್ರಗಳಿಗೆ ಅಂಕ ಕೊಡುತ್ತಾರೆ. ಹೊರಬೀಳುವಷ್ಟರಲ್ಲಿ ಚಿತ್ರಗಳ ವಿಧಿ ನಿರ್ಣೀತವಾಗಿಬಿಟ್ಟಿರುತ್ತದೆ. ನಿರ್ಣಯದ ಗಳಿಗೆಯನ್ನು ಬಿಟ್ಟು ಸಾಗಾಣಿಕೆಯ ಗಳಿಗೆಯನ್ನು ಅಳೆಯುವ ಈ ಪದ್ಧತಿ, ಅಡುಗೆಯ ರುಚಿಯನ್ನು ಬಡಿಸುವವನ ನಡಿಗೆಯಿಂದ ನಿರ್ಧರಿಸಿದಂತೆ. ಎರಡನೆಯ ಪಂಥದವರು ಹಿಸ್ಟೋಗ್ರಾಮ್ ಇದ್ದರೆ ಪರದೆ ಹೇಗಿದ್ದರೇನೆನ್ನುತ್ತಾರೆ. ಯಾವ ಮಟ್ಟದಲ್ಲಿ ಎಷ್ಟು ಬಿಂದುಗಳಿವೆಯೆಂಬುದನ್ನು ಆ ನಕ್ಷೆ ಹೇಳುತ್ತದೆ. ಕಂಬದ ನೆರಳು 18ರಲ್ಲಿರಬೇಕೋ 28ರಲ್ಲಿರಬೇಕೋ ಎಂಬುದನ್ನು ಅದು ಹೇಗೆ ಹೇಳೀತು? ಜನಗಣತಿಯಿಂದ ಊರಿನ ಗುಣ ತಿಳಿಯುವುದಿಲ್ಲ.

ಮೂರನೆಯ ಪಂಥವೇ ಪ್ರಬಲವಾದುದು, ಅದಕ್ಕೆ ವಿವರವಾಗಿಯೇ ಉತ್ತರ ಹೇಳಬೇಕು. ಇಂದು ಚಿತ್ರವನ್ನು ನೋಡುವವರೆಲ್ಲ ಮೊಬೈಲಿನಲ್ಲಿಯೇ ನೋಡುತ್ತಾರೆ, ಒಬ್ಬೊಬ್ಬರ ಪರದೆಯೂ ಒಂದೊಂದು ಬಗೆ, ಹೀಗಿರುವಾಗ ತಿದ್ದುವವನಿಗೆ ಮಾತ್ರ ಈ ನಿಷ್ಠೆ ಏಕೆ ಎಂದು ಅವರ ಪ್ರಶ್ನೆ. ಮೊದಲ ನೋಟಕ್ಕೆ ಇದು ಅಖಂಡನೀಯವೆಂದು ತೋರುತ್ತದೆ. ಆದರೆ ಪರದೆಗಳು ನಾನಾ ಬಗೆಯಾಗಿರುವುದರಿಂದಲೇ 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನಕ ರೂಪುಗೊಂಡಿತೆಂಬುದನ್ನು ಅವರು ಮರೆಯುತ್ತಾರೆ. ನೋಡುವವರ ಪರದೆಗಳಲ್ಲಿ ಕೆಲವು ಹೆಚ್ಚು ಕಾಂತಿಯವು, ಕೆಲವು ಕಡಮೆಯವು. ತಿದ್ದುವವನು ಮಧ್ಯಬಿಂದುವಿನಲ್ಲಿ ನಿಂತರೆ ಇಬ್ಬರಿಗೂ ಚಿತ್ರ ತುಸುವೇ ವ್ಯತ್ಯಸ್ತವಾಗಿ ತಲಪುತ್ತದೆ. ಅವನೇ ಒಂದು ಅಂಚಿಗೆ ಸರಿದು ತಿದ್ದಿದರೆ, ಎದುರಂಚಿನಲ್ಲಿರುವವನಿಗೆ ಎರಡು ತಪ್ಪುಗಳೂ ಕೂಡಿಕೊಂಡು ತಲಪುತ್ತವೆ. ಮೇಲಾಗಿ, ಪ್ರಿಂಟು ಸತ್ತಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳ ಪರಂಪರೆ ಬೆಳೆದದ್ದೇ ಗೋಡೆಗೆ ತೂಗುಹಾಕಿದ ಪ್ರಿಂಟುಗಳ ಮುಂದೆ. ಮುದ್ರಿತ ಚಿತ್ರವನ್ನು ನೋಡುವ ಬೆಳಕಿಗೂ ಐಎಸ್‌ಒ 3664 ಎಂಬ ಮಾನಕವುಂಟು: ಸೂಕ್ಷ್ಮವಾದ ಹೋಲಿಕೆಗೆ 2000 ಲಕ್ಸ್, ರೂಢಿಯ ಪರಿಶೀಲನೆಗೆ 500 ಲಕ್ಸ್. ನೋಡುವ ಬೆಳಕಿಗೇ ಇಷ್ಟು ಶಿಸ್ತು ವಿಧಿಸಿರುವಲ್ಲಿ ಮಾಡುವ ಬೆಳಕಿಗೆ ಶಿಸ್ತು ಬೇಡವೆನ್ನುವುದು ಯಾವ ನ್ಯಾಯ?

ಲ್ಯಾಪ್‌ಟಾಪಿಗೇ ಹೊರಗಿನ ಮಾನಿಟರೊಂದನ್ನು ಜೋಡಿಸಿದರಾಗದೆ ಎಂದು ವಿವೇಕಿಗಳು ಕೇಳುವುದುಂಟು. ಆದೀತು, ಧಾರಾಳವಾಗಿ ಆದೀತು. ತಿರುಗಾಟದ ವೃತ್ತಿಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಹಾಗೆ ಜೋಡಿಸಿದ ಗಳಿಗೆಯಲ್ಲಿ ಅದರ ಸಂಚಾರಗುಣ ಸೇವೆಯಿಂದ ನಿವೃತ್ತವಾಯಿತು, ಮೇಜು ಗೆದ್ದಿತು. ಮನೆಯಲ್ಲಿಯೇ ಕುಳಿತು ತಿದ್ದುವವನಾದರೆ ಆ ನಿವೃತ್ತ ಗುಣಕ್ಕೆ ಬೆಲೆ ತೆರುವುದೇಕೆ? ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡ ಡೆಸ್ಕ್‌ಟಾಪಿಗೆ ಮುಂದೆ ಬೇಕೆನಿಸಿದಾಗ ರ‍್ಯಾಮು ಹೆಚ್ಚಿಸಬಹುದು, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮು ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ವಿದ್ಯುತ್ತಿನ ಅಭಾವಕ್ಕೆ ಯುಪಿಎಸ್ ಉಂಟು.

ಆದಕಾರಣ ಹೊಸದಾಗಿ ಈ ಕಲೆಗೆ ಕೈಹಾಕುತ್ತಿರುವ ತರುಣರಲ್ಲಿ ನನ್ನ ಬಿನ್ನಹವಿಷ್ಟು. ನಿಮ್ಮಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಡೆಸ್ಕ್‌ಟಾಪನ್ನೇ ಕೊಳ್ಳಿರಿ. ಅದರಲ್ಲಿಯೂ ಯಂತ್ರದ ಹಣವನ್ನು ಮೊಟಕುಮಾಡಿಯಾದರೂ ಮಾನಿಟರಿಗೆ ಹೆಚ್ಚು ಹಣ ಹಾಕಿರಿ. ಮನೆಯಲ್ಲಿ ಕಿಟಕಿಗೆ ಎದುರಾಗದ ಮೂಲೆಯೊಂದನ್ನು ಹುಡುಕಿ ಅಲ್ಲಿ ಅದನ್ನು ಸ್ಥಾಪಿಸಿರಿ, ದೀಪವನ್ನು ನಿಶ್ಚಯಿಸಿರಿ, ಕಾಂತಿಯನ್ನು ಅಳೆದು ನಿಲ್ಲಿಸಿರಿ, ಆಮೇಲೆ ಯಾವುದನ್ನೂ ಕದಲಿಸಬೇಡಿರಿ. ನರಸಿಂಹ ಕಂಬದ ಮೂರನೆಯ ಪ್ರಿಂಟನ್ನು ನಾನು ಅಂಥ ಮೂಲೆಯಲ್ಲಿ ಕುಳಿತು ಸಿದ್ಧಪಡಿಸಿದೆ. ಅದರ ನೆರಳಿನ ಪಾರ್ಶ್ವದಲ್ಲಿಯೂ ವಿಗ್ರಹಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ.