ನೀರಿಗೆ ಇಳಿಯುವ ಮುಂಚಿನ ಮಾತು

ಬೆಲ್‌ವ್ಯೂ, ರೆಡ್ಮಂಡ್ ಕಡೆಯ ನಮ್ಮ ಕನ್ನಡದ ಮನೆಗಳಿಗೆ ಬೇಸಿಗೆ ಬಂತೆಂದರೆ ಇಂಥದೊಂದು ಕರೆ ಬರುವುದುಂಟು: ಆಫೀಸಿನ ಗೆಳತಿಯದೋ ಪಕ್ಕದ ಮನೆ ಹುಡುಗನದೋ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್ ಇದೆ, ದಯವಿಟ್ಟು ಬನ್ನಿ. ಹೋದವರು ಮುಳುಗಿಸುವ ಎರಡು ಕ್ಷಣವನ್ನು ಫೋನಿನಲ್ಲಿ ಹಿಡಿದು, ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾರೆ. ನೋಡಬೇಕಾದದ್ದು ಅದರ ಹಿಂದೆ ಮುಂದೆ ಇದೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಿವಿಗೆ ಕೆಲಸ ಕೊಡಿ. ಒಂದು ಆಗಸ್ಟಿನಲ್ಲಿ ಸಿಯಾಟಲ್‌ನ ಆಲ್ಕೈ ಬೀಚಿಗೆ ಇಂಥದೊಂದು ದೀಕ್ಷಾಸ್ನಾನಕ್ಕೆ ಹೋಗಿದ್ದೆ. ಬೇಸಿಗೆಯಲ್ಲೂ ಪ್ಯೂಜೆಟ್ ಸೌಂಡಿನ ನೀರಿಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು, ತಾನು ನಂಬಿಕೆಗೆ ಬಂದ ಬಗೆಯ ಸಾಕ್ಷಿಯನ್ನು ಎರಡು ಹಾಳೆ ಬರೆದು ಕೈಯಲ್ಲಿ ಹಿಡಿದು ನಿಂತಿದ್ದಳು. ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು. ಅರ್ಧ ಓದಿ, ಮಡಚಿ ಗಂಡನ ಕೈಗೆ ಕೊಟ್ಟು, ಬರೆಯದೇ ಇದ್ದದ್ದನ್ನು ಹೇಳಿದಳು: ಒಂಬತ್ತು ವರ್ಷದಿಂದ ಸ್ವಂತ ಅಕ್ಕನ ಜೊತೆ ಮಾತಿಲ್ಲ, ಇವತ್ತು ಆಡಬೇಕು. ಆಮೇಲೆ ಸೊಂಟದ ಮಟ್ಟದ ನೀರಿಗೆ ಇಳಿದಳು. ಯೇಸುವನ್ನು ಕರ್ತನೆಂದು ನಂಬುತ್ತೀಯಾ ಎಂದು ಪಾಸ್ಟರ್ ಕೇಳಿದರು. ಹೂಂ ಅಂದದ್ದು ಅಲೆಯ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ, ತುಟಿ ಅಲುಗಿದ್ದು ಕಂಡಿತು.

ಅವರು ಅವಳನ್ನು ಹಿಂದಕ್ಕೆ ಮಲಗಿಸಿ ಮುಳುಗಿಸಿದರು. ಇದನ್ನು ಗಮನಿಸಿ. ತೀರ್ಥಸ್ನಾನ ಕಂಡ ನಮ್ಮ ಕಣ್ಣಿಗೆ ಇದು ಪಾಪ ತೊಳೆಯುವ ಮುಳುಗಿನಂತೆ ಕಾಣುತ್ತದೆ. ಆ ಅರ್ಥವೂ ಇದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಇದನ್ನು ಹೂಳುವುದಕ್ಕೆ ಹೋಲಿಸುತ್ತಾನೆ. ಪಾಸ್ಟರ್ ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಎದೆಯ ಮೇಲೆ ಜೋಡಿಸಿದ ಕೈಗಳ ಮೇಲೆ ಇಟ್ಟು ಮಲಗಿಸುವುದು ಹೆಣವನ್ನು ಗುಂಡಿಗೆ ಇಳಿಸುವ ರೀತಿ. ಏಳುವುದು ಆ ಗುಂಡಿಯಿಂದ.

ಇನ್ನೊಂದು ರೀತಿಯನ್ನೂ ನೋಡಬೇಕು. ಅಮೆಜಾನ್ ಕಟ್ಟಡಗಳಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ನೀಲಿ ಗುಮ್ಮಟಗಳ ಸೇಂಟ್ ಸ್ಪಿರಿಡನ್ ಆರ್ಥೊಡಾಕ್ಸ್ ಚರ್ಚಿದೆ. ಆರ್ಥೊಡಾಕ್ಸ್ ವಿಧಿಯಲ್ಲಿ ಕೂಸನ್ನೂ ಮೂರು ಸಲ ಮುಳುಗಿಸುತ್ತಾರೆ. ಅದಕ್ಕೂ ಮೊದಲು ಮಗುವಿನ ಪರವಾಗಿ ಜ್ಞಾನಪಿತರು ಪಶ್ಚಿಮಕ್ಕೆ ತಿರುಗಿ ಸೈತಾನನನ್ನು ತೊರೆದು, ಪೂರ್ವಕ್ಕೆ ತಿರುಗಿ ಕ್ರಿಸ್ತನನ್ನು ಒಪ್ಪಿಕೊಳ್ಳುತ್ತಾರೆ. ಅಲ್ಲಿ ನೋಡಬೇಕಾದ ಮುಖ ಅಳುವ ಮಗುವಿನದಲ್ಲ, ಸಾಲ ಕೊಟ್ಟವರ ಹಾಗೆ ತಮ್ಮ ನಂಬಿಕೆಯನ್ನು ಅದರ ಹೆಸರಿಗೆ ಬರೆಯುತ್ತಿರುವ ಆ ದೊಡ್ಡವರದು.

ಇಲ್ಲಿ ನನಗೊಂದು ಸ್ವಂತ ತಗಾದೆ ಇದೆ. ನಾನು ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಮನೆಯವಳು. ಹಣೆಗೆ ನೀರು ಬಿದ್ದಾಗ ಮೂರು ತಿಂಗಳ ಕೂಸು. ನಿನ್ನ ಬಾಯಿಂದ ಬಾರದ ನಂಬಿಕೆ ಅದೆಂಥದು, ಇನ್ನೊಮ್ಮೆ ತೆಗೆದುಕೋ ಎಂದು ಇಲ್ಲಿನ ಗೆಳತಿಯರು ಪ್ರೀತಿಯಿಂದಲೇ ಒತ್ತಾಯಿಸುತ್ತಾರೆ. ಹಳೇ ಜಗಳ ಇದು. ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಕೊಟ್ಟದ್ದಕ್ಕೆ ಜ್ಯೂರಿಕ್ಕಿನಲ್ಲಿ ಫೀಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ನದಿಯಲ್ಲೇ ಮುಳುಗಿಸಿ ಕೊಂದರು. ಗೆಳತಿಯರ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ಒಪ್ಪುವುದಿಲ್ಲ. ನನ್ನ ಹೆಸರನ್ನೂ ನಾನು ಆರಿಸಲಿಲ್ಲ, ಯಾರಾದರೂ ಕರೆದರೆ ಓಗೊಡುವವಳು ಮಾತ್ರ ನಾನೇ.

ಹಾಗಾದರೆ ನೀರಿನಿಂದ ನಂಬಿಕೆ ಬರುತ್ತದೆಯೇ? ನದಿಯಲ್ಲಿ ಮಿಂದದ್ದೇ ಭಕ್ತಿಯೆಂದುಕೊಂಡವರನ್ನು ವಚನಕಾರರೂ ದಾಸರೂ ತರಾಟೆಗೆ ತೆಗೆದುಕೊಂಡದ್ದನ್ನು ಓದಿ ಬೆಳೆದ ನಮಗೆ ಈ ಅನುಮಾನ ಹುಟ್ಟಲೇಬೇಕು. ಬೈಬಲ್ಲಿಗೂ ಅದು ಗೊತ್ತು. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಮಂತ್ರವಾದಿ ಸೀಮೋನ ದೀಕ್ಷಾಸ್ನಾನ ಮಾಡಿಸಿಕೊಂಡು, ಪವಿತ್ರಾತ್ಮವನ್ನು ಕೊಡುವ ಅಧಿಕಾರಕ್ಕೆ ಹಣ ಎಣಿಸಲು ಹೊರಡುತ್ತಾನೆ. ಅದೇ ಅಧ್ಯಾಯದ ಕೊನೆಗೆ ಇಥಿಯೋಪಿಯದ ಅಧಿಕಾರಿ ದಾರಿಯಲ್ಲಿ ನೀರು ಕಂಡು ರಥ ನಿಲ್ಲಿಸಿ ಇಳಿದು, ಸಂತೋಷದಿಂದ ತನ್ನ ದಾರಿ ಹಿಡಿಯುತ್ತಾನೆ. ಇಬ್ಬರಿಗೂ ಕೊಟ್ಟದ್ದು ಒಂದೇ ಸ್ನಾನ. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗಂತೂ ಹನಿ ನೀರೂ ಬೀಳಲಿಲ್ಲ, ಪರದೈಸಿನ ಮಾತು ಸಿಕ್ಕಿತು.

ಹೀಗಿದ್ದೂ ನೀರು ಬೇಕು ಎನ್ನುತ್ತೇನೆ. ನಮ್ಮೂರಿನ ಕತೆಯೇ ಕಾರಣ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿಣ್ಯ, ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದ. ಊರು ಎದ್ದು ಕೂತಿತು. ಮನೆಯ ಬಾಗಿಲು ಮುಚ್ಚಿತು. ಮುಂದೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿ, ಕರಾವಳಿಯಲ್ಲೂ ಕೊಡಗಿನಲ್ಲೂ ದುಡಿದ. ಅವನ ಮನಸ್ಸಿನಲ್ಲಿ ನಂಬಿಕೆ ಮೊಳೆತದ್ದು ಯಾವ ರಾತ್ರಿಯೋ, ಯಾರೂ ಕಂಡಿಲ್ಲ. ಊರು ಕಂಡದ್ದು ನೀರನ್ನು. ಒಳಗೇ ಇದ್ದಿದ್ದರೆ ಅದನ್ನು ದಿನಕ್ಕೊಂದು ಸಲ ಹಿಂದೆ ತೆಗೆದುಕೊಳ್ಳಬಹುದಿತ್ತು. ನೀರು ಬಿದ್ದ ಮೇಲೆ ಹಾಗಾಗುವುದಿಲ್ಲ.

ಚಳಿಗಾಲ ಕಳೆದ ಮೇಲೆ ಯಾರಾದರೂ ಫಸ್ಟ್ ಹಿಲ್‌ನ ಸೇಂಟ್ ಜೇಮ್ಸ್ ಕೆಥೀಡ್ರಲ್‌ಗೆ ಪಾಸ್ಕದ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಗೆ ಕರೆದರೆ ತಪ್ಪಿಸಬೇಡಿ. ತಿಂಗಳುಗಟ್ಟಲೆ ಕಲಿತ ದೊಡ್ಡವರು ಮೋಂಬತ್ತಿಯ ಬೆಳಕಿನಲ್ಲಿ ಕಾದು ದೀಕ್ಷಾಸ್ನಾನ ಪಡೆಯುವ ರಾತ್ರಿ ಅದು. ಸಂತ ಆಗಸ್ಟೀನ್ 387ರಲ್ಲಿ ಮಿಲಾನಿನಲ್ಲಿ ಇಂಥದೇ ಜಾಗರಣೆಯಲ್ಲಿ ನೀರಿಗಿಳಿದ.

ಎಲ್ಲಿಗೇ ಹೋದರೂ ಮುಗಿಯಿತೆಂದು ಕೂಡಲೇ ಕಾರಿನ ಕಡೆ ಹೊರಡಬೇಡಿ. ಆಲ್ಕೈಯಲ್ಲಿ ಜನ ಪಿಕ್ನಿಕ್ ಮೇಜಿನ ಕಡೆ ಹೋದ ಮೇಲೂ ಆ ಹೆಂಗಸು ಮರಳಿನ ಮೇಲೇ ಕೂತಿದ್ದಳು. ಟವೆಲ್ ಸುತ್ತಿಕೊಂಡು, ಹಲ್ಲು ಕಟಕಟ ಅನ್ನುತ್ತಿದ್ದಂತೆ, ಗಂಡನ ಹತ್ತಿರ ಫೋನ್ ಕೇಳಿ ಇಸಿದುಕೊಂಡಳು. ಬೆರಳು ಒದ್ದೆಯಾಗಿದ್ದರಿಂದ ನಂಬರು ಒತ್ತಲು ಮೂರು ಸಲ ಬೇಕಾಯಿತು.