ಉದರಭಿತ್ತಿಯ ಜನ್ಮವೈಕಲ್ಯಗಳು: ಫಲಿತಾಂಶದ ಅಳತೆಯನ್ನು ಕುರಿತು

ಉದರಭಿತ್ತಿಯ ಜನ್ಮವೈಕಲ್ಯಗಳಲ್ಲಿ ಎರಡು ಮುಖ್ಯವಾದುವು. ಗ್ಯಾಸ್ಟ್ರೋಸ್ಕೈಸಿಸ್‌ನಲ್ಲಿ ಸಾಮಾನ್ಯವಾಗಿ ಹೊಕ್ಕುಳಿನ ಬಲಕ್ಕಿರುವ ರಂಧ್ರದಿಂದ ಕರುಳು ಯಾವ ಹೊದಿಕೆಯೂ ಇಲ್ಲದೆ ಹೊರಬಂದಿರುತ್ತದೆ. ಆಂಫಲೋಸೀಲ್‌ನಲ್ಲಿ ಅವಯವಗಳು ಹೊಕ್ಕುಳಿನ ಎಡೆಯಲ್ಲೇ ತೆಳುಪೊರೆಯ ಚೀಲದಲ್ಲಿ ಹೊರಚಾಚಿರುತ್ತವೆ; ಹೃದಯದ ಮತ್ತು ವರ್ಣತಂತುಗಳ ದೋಷಗಳು ಇದರೊಡನೆ ಹೆಚ್ಚಾಗಿ ಕಾಣುತ್ತವೆ. ಹೊರಬಂದ ಕರುಳನ್ನು ಹಂತಹಂತವಾಗಿ ಒಳಸೇರಿಸುವ ಕ್ರಮವನ್ನು 1967ರಲ್ಲಿ ಷುಸ್ಟರ್ ವಿವರಿಸಿದರು. ರಕ್ತನಾಳದ ಮೂಲಕ ಪೋಷಣೆ ನೀಡುವ ವಿಧಾನವೂ ಅದೇ ಕಾಲದಲ್ಲಿ ಬೆಳೆಯಿತು. ಇವೆರಡರಿಂದ ಶಿಶುಗಳು ಬದುಕುಳಿಯುವ ಸಂಭವವು ಬಹಳ ಹೆಚ್ಚಿತು.

2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, 74 ದೇಶಗಳ 264 ಆಸ್ಪತ್ರೆಗಳ ಅಧ್ಯಯನವು ಈ ಪ್ರಗತಿಯ ಅಸಮತೆಯನ್ನು ತೋರಿಸಿತು. ಗ್ಯಾಸ್ಟ್ರೋಸ್ಕೈಸಿಸ್‌ನಿಂದ ಶ್ರೀಮಂತ ದೇಶಗಳಲ್ಲಿ 139 ಶಿಶುಗಳ ಪೈಕಿ 2, ಭಾರತವೂ ಸೇರುವ ಮಧ್ಯಮ ಆದಾಯದ ವರ್ಗದಲ್ಲಿ 304ರ ಪೈಕಿ 97, ಬಡ ದೇಶಗಳಲ್ಲಿ 10ರ ಪೈಕಿ 9 ಶಿಶುಗಳು ಮೃತಪಟ್ಟವು. ಈ ಅಧ್ಯಯನದ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶೇಕಡಾ 90 ಎಂಬ ಅಂಕಿಯು ನಿಂತಿರುವುದು ಹತ್ತೇ ಶಿಶುಗಳ ಮೇಲೆ. ಆಸ್ಪತ್ರೆಯನ್ನು ಮುಟ್ಟುವ ಮೊದಲೇ ಅಳಿದ ಶಿಶುಗಳು ಲೆಕ್ಕಕ್ಕೆ ಬಂದಿಲ್ಲ.

ಇದಕ್ಕಿಂತ ಗುರುತರವಾದ ಕೊರತೆಯೊಂದಿದೆ. ಅಧ್ಯಯನದ ಮುಖ್ಯ ಮಾನದಂಡವು ಆಸ್ಪತ್ರೆಯೊಳಗಿನ ಮರಣ. ಮಧ್ಯಮ ವರ್ಗದ ಉಳಿದ 207 ಮಕ್ಕಳ ಮುಂದಿನ ಬಾಳನ್ನು ಕುರಿತು ಅದು ಮೌನವಾಗಿದೆ. ಶಸ್ತ್ರಚಿಕಿತ್ಸೆಯ ಪರಿಣಾಮಗಳಾದರೋ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಕರುಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ಅನಂತರವೂ ತಡೆಯುಂಟಾಗಬಹುದು. ಕರುಳಿನ ಹೆಚ್ಚು ಭಾಗವನ್ನು ಕಳೆದುಕೊಂಡ ಮಗುವಿಗೆ ಪೋಷಣೆಯೇ ದೀರ್ಘಕಾಲದ ಸಮಸ್ಯೆ. ಬೃಹತ್ ಆಂಫಲೋಸೀಲ್‌ನಲ್ಲಿ ಶ್ವಾಸಕೋಶಗಳ ಬೆಳವಣಿಗೆ ಕುಂಠಿತವಾಗಿರಬಹುದು. ಈ ಎರಡು ವೈಕಲ್ಯಗಳಲ್ಲಿಯೂ ಕರುಳು ಸಹಜ ಸ್ಥಾನಕ್ಕೆ ತಿರುಗಿರುವುದಿಲ್ಲವಾದುದರಿಂದ ಅಪೆಂಡಿಕ್ಸ್ ಬೇರೆಡೆ ಇರಬಹುದು. ಪ್ರಾಯದಲ್ಲಿ ಅದಕ್ಕೆ ಉರಿಯೂತ ಬಂದರೆ, ರೋಗಿಗೆ ತನ್ನ ಶೈಶವದ ವೃತ್ತಾಂತವೇ ತಿಳಿಯದಿದ್ದಲ್ಲಿ, ವೈದ್ಯನ ನಿದಾನವು ತಪ್ಪುವ ಸಂಭವವುಂಟು.

ಆದುದರಿಂದ ಇಂಥ ಅಧ್ಯಯನಗಳಿಂದ ನಾವು ಮೂರನ್ನು ಅಪೇಕ್ಷಿಸುತ್ತೇವೆ. ಸ್ವಭಾವತಃ ಭಿನ್ನವಾದ ಈ ಎರಡು ವೈಕಲ್ಯಗಳ ದೀರ್ಘಕಾಲದ ಫಲಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಮರುಪರೀಕ್ಷೆಗೆ ಬಾರದವರನ್ನು ಆರೋಗ್ಯವಂತರೆಂದು ಭಾವಿಸದೆ, ಅವರ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಅವಲೋಕನವು ಪ್ರಾಯದವರೆಗೆ ಮುಂದುವರಿಯಬೇಕು. ಶಸ್ತ್ರಚಿಕಿತ್ಸೆಯ ವಿವರ ಪತ್ರವು ರೋಗಿಯ ಕೈಯಲ್ಲೇ ಇರಬೇಕು. ಶಿಶು ಬದುಕಿತೇ ಎಂಬುದು ಮೊದಲನೆಯ ಪ್ರಶ್ನೆ. ಹೇಗೆ ಬದುಕಿತು ಎಂಬುದಕ್ಕೂ ಉತ್ತರ ದೊರೆತಾಗಲೇ ಫಲಿತಾಂಶವೆಂಬ ಮಾತು ಸಾರ್ಥಕವಾಗುತ್ತದೆ.